ಹಲಾಲ್ ಸ್ವೀಡಿಷ್ ಕೆಫೆಗೆ ಗೆಳೆಯರ ಜೊತೆ ಹೋದರೆ ಯಾರಿಗೆ ಏನು ಹೇಳಬೇಕು?

ಸಿಂಗಪುರದಲ್ಲಿ ನಮ್ಮದು ಐದು ಜನರ ಗುಂಪು. ಭಟ್ಕಳದವನೊಬ್ಬ, ಬೆಂಗಳೂರು ಶಿವಾಜಿನಗರದವಳೊಬ್ಬಳು. ಇಬ್ಬರೂ ಹಲಾಲ್ ಬಿಟ್ಟು ಬೇರೆ ತಿನ್ನುವುದಿಲ್ಲ. ಶಿರಸಿಯವನಿಗೆ ಮಾಂಸ, ಮೀನು, ಮೊಟ್ಟೆ ಮೂರೂ ಬೇಡ. ನಾನು ತುಮಕೂರಿನವನು, ಕೋಳಿ, ಕುರಿ, ಮೀನು ಎಲ್ಲಾ ಆಗುತ್ತದೆ, ಬೀಫ್ ಮಾತ್ರ ಮುಟ್ಟುವುದಿಲ್ಲ. ಐದನೆಯವರು ಆಫೀಸಿನ ಮಲಯ್ ಸಹೋದ್ಯೋಗಿ. ವಯಸ್ಸಿನಲ್ಲಿ ದೊಡ್ಡವರು, ಹಾಗಾಗಿ ಎಲ್ಲರೂ ಅವರನ್ನು ಕಾಕ್ ಅಂತ ಕರೆಯುತ್ತೇವೆ. ಮಲಯ್ ಭಾಷೆಯಲ್ಲಿ ಅಕ್ಕ ಅಂತ ಅರ್ಥ.

ಈ ಐದು ಜನ ಒಂದೇ ಟೇಬಲ್‌ನಲ್ಲಿ ಕೂತು, ಯಾರೂ ಬರೀ ನೀರು ಕುಡಿದು ಎದ್ದು ಹೋಗದ ಹಾಗೆ ಊಟ ಮಾಡಬೇಕು ಅಂದರೆ ಸುಲಭ ಅಲ್ಲ. ಸ್ವೀಡಿಷ್ ಊಟ ಅಂದರೆ ಇನ್ನೂ ಕಷ್ಟ, ಯಾಕೆಂದರೆ ಅದರ ಹೆಸರುಗಳೇ ನಮಗೆ ಗೊತ್ತಿರುವುದಿಲ್ಲ. ಎರಡು ಮೂರು ಸಲ ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ: ಹಲಾಲ್ ಸರ್ಟಿಫಿಕೇಟ್ ನೋಡಿದರೆ ನಿಮ್ಮ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ. ಬೀಫ್, ಮೊಟ್ಟೆ, ಮಾಂಸದ ಸ್ಟಾಕ್ (ಮೂಳೆ, ಮಾಂಸ ಬೇಯಿಸಿ ತೆಗೆದ ರಸ) ಇವುಗಳ ಕೆಲಸ ನಿಮಗೇ ಉಳಿಯುತ್ತದೆ.

ಹಂದಿ ಹೋದರೆ ಬೀಫ್ ಬರುತ್ತದೆ

ಇದನ್ನು ಅರ್ಥ ಮಾಡಿಕೊಳ್ಳದೆ ಹೋದರೆ ನಮ್ಮ ಕಡೆಯವರು ಎಡವುತ್ತಾರೆ. ಸ್ವೀಡನ್ನಿನ ಹೆಸರಾದ ಮೀಟ್‌ಬಾಲ್ (ಅವರ ಭಾಷೆಯಲ್ಲಿ ಶೋಟ್‌ಬುಲ್ಲಾರ್) ಸಾಮಾನ್ಯವಾಗಿ ಹಂದಿ ಮತ್ತು ದನದ ಕೈಮಾ ಎರಡನ್ನೂ ಕಲಸಿ ಮಾಡುವಂಥದ್ದು. ನಮ್ಮ ಕೈಮಾ ಉಂಡೆಯ ದೂರದ ನೆಂಟ ಅನ್ನಿ, ಮಸಾಲೆ ಮಾತ್ರ ತುಂಬಾ ಕಡಿಮೆ. ಹಲಾಲ್ ಅಡುಗೆಮನೆಯಲ್ಲಿ ಹಂದಿ ತೆಗೆದುಬಿಡುತ್ತಾರೆ. ಆಗ ಉಳಿಯುವುದು ಪೂರ್ತಿ ಬೀಫ್, ಇಲ್ಲದಿದ್ದರೆ ಕೋಳಿ. ಬೇಕನ್ (ಉಪ್ಪು ಹಾಕಿ ಹದ ಮಾಡಿದ ಹಂದಿ ಮಾಂಸದ ತೆಳು ಪಟ್ಟಿ) ಇರಬೇಕಾದ ಕಡೆ ಬೀಫ್ ಬೇಕನ್ನೋ ಟರ್ಕಿ ಕೋಳಿಯದ್ದೋ ಬರುತ್ತದೆ. ಗುರುವಾರ ತಿನ್ನುವ ಹಳದಿ ಬಟಾಣಿ ಸೂಪಿಗೆ ಸ್ವೀಡನ್ನಿನಲ್ಲಿ ಹಂದಿ ಹಾಕುತ್ತಾರೆ. ಇಲ್ಲಿ ಅದರ ಜಾಗಕ್ಕೆ ಇನ್ನೇನೋ ಬಂದಿರುತ್ತದೆ. ಹಾಗಾಗಿ "ಹಲಾಲ್ ಅಂದರೆ ಹಂದಿ ಇಲ್ಲ, ನನಗೂ ನಡೆಯುತ್ತದೆ" ಅಂತ ನನ್ನ ಥರದವರು ಸುಮ್ನೆ ಆರ್ಡರ್ ಮಾಡಿದರೆ ತಟ್ಟೆಗೆ ಬೀಫ್ ಬರುವ ಸಾಧ್ಯತೆ ಜಾಸ್ತಿಯೇ ಹೊರತು ಕಡಿಮೆಯಲ್ಲ.

ಒಂದು ತಮಾಷೆ ಇದೆ. 2018ರಲ್ಲಿ ಸ್ವೀಡನ್ ದೇಶದ ಅಧಿಕೃತ ಟ್ವಿಟರ್ ಖಾತೆಯಿಂದಲೇ ಒಂದು ಸುದ್ದಿ ಹೊರಬಿತ್ತು: ಸ್ವೀಡಿಷ್ ಮೀಟ್‌ಬಾಲ್ ಅಸಲಿಗೆ 18ನೇ ಶತಮಾನದ ಶುರುವಿನಲ್ಲಿ ದೊರೆ 12ನೇ ಕಾರ್ಲ್ ಟರ್ಕಿಯಿಂದ ತಂದ ಅಡುಗೆ ಅಂತ. ಆ ದೊರೆ ರಷ್ಯಾದವರ ಕೈಯಲ್ಲಿ 1709ರಲ್ಲಿ ಸೋತು ಆಟೊಮನ್ನರ ಆಶ್ರಯಕ್ಕೆ ಹೋಗಿ, ಐದು ವರ್ಷ ಅಲ್ಲೇ ಇದ್ದವನು. ಮೀಟ್‌ಬಾಲ್ ಕಥೆಯನ್ನು ಎಲ್ಲರೂ ಒಪ್ಪುವುದಿಲ್ಲ ಬಿಡಿ. ಆದರೆ ಎಲೆಕೋಸಿನ ಎಲೆಯಲ್ಲಿ ಕೈಮಾ, ಅನ್ನ ಸುತ್ತಿ ಮಾಡುವ ಕೋಲ್‌ಡೊಲ್ಮಾರ್ ಇದೆಯಲ್ಲ, ಅದರ ಹೆಸರಿನಲ್ಲೇ ಟರ್ಕಿಯ ಡೋಲ್ಮಾ (ಎಲೆಯಲ್ಲೋ ತರಕಾರಿಯಲ್ಲೋ ಹೂರಣ ತುಂಬಿ ಮಾಡುವ ಅಡುಗೆ) ಕೂತಿದೆ. ಆ ದೊರೆ ಸತ್ತ ದಿನ ನವೆಂಬರ್ 30. ಸ್ವೀಡನ್ನಿನಲ್ಲಿ ಕೆಲವರು ಆ ದಿನವನ್ನು ಕೋಲ್‌ಡೊಲ್ಮಾರ್ ದಿನ ಅಂತಲೇ ಆಚರಿಸುತ್ತಾರೆ. ಭಟ್ಕಳದವನು ಇದನ್ನು ಕೇಳಿದಾಗಿನಿಂದ "ಹಲಾಲ್ ಮಾಡಿದ್ದಲ್ಲ, ವಾಪಸ್ ಹಲಾಲ್ ಆಗಿದ್ದು" ಅಂತ ಹೇಳಿಕೊಂಡು ತಿರುಗುತ್ತಾನೆ.

ಹೋಗುವ ಎರಡು ದಿನ ಮುಂಚೆ ಗುಂಪಿಗೆ ಒಂದು ಮೆಸೇಜ್

ಟೇಬಲ್‌ನಲ್ಲಿ ಕೂತ ಮೇಲೆ "ನೀನು ಏನು ತಿಂತೀಯ?" ಅಂತ ಕೇಳಿದರೆ ಎಲ್ಲರೂ "ಏನಾದ್ರೂ ಪರವಾಗಿಲ್ಲ" ಅನ್ನುತ್ತಾರೆ. ಅದು ಸುಳ್ಳು. ಮೊದಲೇ ವಾಟ್ಸಾಪಿನಲ್ಲಿ ಕೇಳಿ. ನಾನು ಕಳಿಸುವುದು ಇಷ್ಟು:

"ಶನಿವಾರ ಸ್ವೀಡಿಷ್ ಊಟ. ಯಾರು ಏನು ತಿನ್ನಲ್ಲ ಅಂತ ಮಾತ್ರ ಹೇಳಿ. ಬೀಫ್? ಮೊಟ್ಟೆ? ಸಿಗಡಿ? ಹಸಿ ಮೀನು? ಚೀಸ್? ಅಲರ್ಜಿ ಇದ್ದರೆ ಅದೂ."

ಏನು ತಿನ್ನುತ್ತೀರಿ ಅಂತ ಕೇಳಬೇಡಿ, ಏನು ತಿನ್ನಲ್ಲ ಅಂತ ಕೇಳಿ. ಉತ್ತರ ಬೇಗ ಬರುತ್ತದೆ.

ಸಿಗಡಿ ಯಾಕೆ ಕೇಳಬೇಕು ಅಂದರೆ, ಮುಸ್ಲಿಮರೆಲ್ಲ ಅದನ್ನು ಒಂದೇ ಥರ ನೋಡುವುದಿಲ್ಲ. ಭಟ್ಕಳದ ನವಾಯತರು, ಮಂಗಳೂರು ಕಡೆಯ ಬ್ಯಾರಿಗಳು, ಇಲ್ಲಿನ ಮಲಯ್ ಜನ ಇವರೆಲ್ಲ ಹೆಚ್ಚಾಗಿ ಶಾಫಿ ಪದ್ಧತಿಯವರು. ಸಮುದ್ರದ್ದು ಏನಿದ್ದರೂ ಅವರಿಗೆ ತೊಂದರೆ ಇಲ್ಲ. ಬೆಂಗಳೂರು, ಮೈಸೂರು ಕಡೆ ಹನಫಿ ಪದ್ಧತಿಯವರು ಜಾಸ್ತಿ. ಅವರಲ್ಲಿ ಏಡಿಯನ್ನು ಸಾಮಾನ್ಯವಾಗಿ ತಿನ್ನುವುದಿಲ್ಲ, ಸಿಗಡಿಯ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮ ಶಿವಾಜಿನಗರದವಳು ಸಿಗಡಿ ತಿನ್ನುವುದಿಲ್ಲ. ಭಟ್ಕಳದವನಿಗೆ ಸಿಗಡಿ ಇಲ್ಲದಿದ್ದರೆ ಊಟವೇ ಅಲ್ಲ. ಸ್ವೀಡಿಷ್ ಮೆನುವಿನಲ್ಲಿ ಬ್ರೆಡ್ ಮೇಲೆ ಸಿಗಡಿ ರಾಶಿ ಹಾಕಿ ಕೊಡುವ ತಿಂಡಿ ಸಾಮಾನ್ಯ. ಹಾಗಾಗಿ ಇದನ್ನು "ಎಲ್ಲರಿಗೂ ಒಂದು ಪ್ಲೇಟ್" ಅಂತ ಹೇಳುವ ಮುಂಚೆ ಯೋಚಿಸಿ.

ಜಾಗ ಆರಿಸುವುದು, ಸರ್ಟಿಫಿಕೇಟ್ ನೋಡುವುದು

ಸಿಂಗಪುರದಲ್ಲಿ ಹಲಾಲ್ ಸ್ವೀಡಿಷ್ ಊಟ ಅಂದ ಕೂಡಲೇ ಹಳಬರಿಗೆ ನೆನಪಾಗುವುದು ಬೀಚ್ ರೋಡ್‌ನಲ್ಲಿ ಫೀಕಾ ಅನ್ನುವ ಹೆಸರಿನಲ್ಲೇ ಶುರುವಾದ ಕೆಫೆ. ಸ್ವೀಡನ್ನಿನವರು ಕಾಫಿ ಜೊತೆ ಏನಾದರೂ ಸಿಹಿ ಇಟ್ಟುಕೊಂಡು ಹರಟೆ ಹೊಡೆಯುವುದಕ್ಕೆ ಫೀಕಾ ಅನ್ನುತ್ತಾರೆ. ಕಾಫಿಗೆ ಅವರಲ್ಲಿದ್ದ ಹಳೆಯ ಮಾತು ಕಾಫ್ಫಿ, ಅದನ್ನು ತಿರುಗಾಮುರುಗಾ ಮಾಡಿದರೆ ಫೀಕಾ. ಶಿವಾಜಿನಗರದವಳು ಮೊದಲ ಸಲ ಬೋರ್ಡ್ ನೋಡಿ ನಕ್ಕುಬಿಟ್ಟಳು. "ನಮ್ಮ ಮನೆಯಲ್ಲಿ ಫೀಕಾ ಅಂದರೆ ಸಪ್ಪೆ ಅಂತ. ಊಟಕ್ಕೆ ಮುಂಚೆಯೇ ಹೇಳಿಬಿಟ್ಟಿದ್ದಾರಲ್ಲ!" ಪೂರ್ತಿ ತಪ್ಪು ಅಂತ ಹೇಳಲಾರೆ. ಸ್ವೀಡಿಷ್ ಊಟ ನಮ್ಮ ನಾಲಿಗೆಗೆ ಸ್ವಲ್ಪ ಸಪ್ಪೆಯೇ.

ಸಿಂಗಪುರದಲ್ಲಿ ಬಾಡಿಗೆ ಕಾಟಕ್ಕೆ ಸಣ್ಣ ಕೆಫೆಗಳು ಮುಚ್ಚುವುದು, ಜಾಗ ಬದಲಾಯಿಸುವುದು ಮಾಮೂಲು. ಎರಡು ವರ್ಷ ಹಿಂದಿನ ಫೋಟೋ ನೋಡಿ ಐದು ಜನರನ್ನು ಕರೆದುಕೊಂಡು ಹೋಗಬೇಡಿ, ಅವತ್ತೇ ಫೋನ್ ಮಾಡಿ. ಯಾವುದೂ ಸಿಗದಿದ್ದರೆ ಐಕಿಯಾ ಇದ್ದೇ ಇದೆ: ಅಲೆಕ್ಸಾಂಡ್ರಾ, ಟಾಂಪನೀಸ್, 2021ರಲ್ಲಿ ತೆರೆದ ಜುರಾಂಗ್. ಮೂರೂ ಕಡೆ ಒಳಗಿನ ರೆಸ್ಟೋರೆಂಟ್ ಹಲಾಲ್. ಕೆಫೆಯ ಸೊಗಸು ಇರುವುದಿಲ್ಲ, ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಆದರೆ ಜೇಬಿಗೆ ಹಗುರ.

ಇಲ್ಲಿ ಹಲಾಲ್ ಸರ್ಟಿಫಿಕೇಟ್ ಕೊಡುವುದು ಮುಯಿಸ್, ಅಂದರೆ ಸಿಂಗಪುರದ ಇಸ್ಲಾಮಿಕ್ ಧಾರ್ಮಿಕ ಮಂಡಳಿ. ಬಾಗಿಲ ಹತ್ತಿರವೋ ಕ್ಯಾಷ್ ಕೌಂಟರ್ ಹತ್ತಿರವೋ ಹಾಕಿರುತ್ತಾರೆ. ಅದರಲ್ಲಿ ಆ ಅಂಗಡಿಯ ಹೆಸರು, ವಿಳಾಸ, ಯಾವ ದಿನದವರೆಗೆ ನಡೆಯುತ್ತದೆ ಅನ್ನುವುದು ಇರುತ್ತದೆ. ವಿಳಾಸ ಯಾಕೆ ಮುಖ್ಯ ಅಂದರೆ ಸರ್ಟಿಫಿಕೇಟ್ ಒಂದೊಂದು ಶಾಖೆಗೂ ಬೇರೆ. ಒಂದು ಕಡೆ ಇದೆ ಅಂತ ಇನ್ನೊಂದು ಶಾಖೆಯಲ್ಲೂ ಇರಬೇಕಾಗಿಲ್ಲ.

"ನೋ ಪೋರ್ಕ್, ನೋ ಲಾರ್ಡ್" ಅನ್ನುವ ಬೋರ್ಡ್ ಬೇರೆ. ಹಂದಿ ಮಾಂಸ, ಹಂದಿ ಕೊಬ್ಬು ಇಲ್ಲ ಅಂತ ಅಷ್ಟೇ ಅದರ ಅರ್ಥ. ಕೋಳಿ ಎಲ್ಲಿಂದ ಬಂತು, ಸಾಸಿಗೆ ವೈನ್ ಹಾಕಿದ್ದಾರಾ ಅಂತ ಅದು ಹೇಳುವುದಿಲ್ಲ. "ಮುಸ್ಲಿಂ ಓನ್ಡ್" ಅಂತ ಬರೆದಿದ್ದರೆ ಮಾಲೀಕರು ಮುಸ್ಲಿಮರು, ಆದರೆ ಸರ್ಟಿಫಿಕೇಟ್ ತೆಗೆದುಕೊಂಡಿಲ್ಲದೆ ಇರಬಹುದು. ಇದು ಸಾಕಾ ಸಾಲದಾ ಅಂತ ತೀರ್ಮಾನ ಮಾಡಬೇಕಾದವರು ನಿಮ್ಮ ಮುಸ್ಲಿಂ ಗೆಳೆಯರು, ನೀವಲ್ಲ. "ಏ, ಇದು ಸಾಕು ಬಾ" ಅಂತ ಅವರ ಪರವಾಗಿ ನೀವು ಹೇಳಬೇಡಿ. ನಾನು ಒಂದು ಸಲ ಹಾಗೆ ಹೇಳಿ ಕಾಕ್ ಅವರ ಕೈಯಲ್ಲಿ ನಯವಾಗಿ ಬೈಸಿಕೊಂಡಿದ್ದೇನೆ.

ಇನ್ನೊಂದು. ಸಿಂಗಪುರದ ಐಕಿಯಾ ಹಲಾಲ್ ಅಂತ ಬೇರೆ ದೇಶದಲ್ಲೂ ಹಾಗೇ ಅಂದುಕೊಳ್ಳಬೇಡಿ. ಮಲೇಷ್ಯಾದಲ್ಲಿ ಹಲಾಲ್. ಸ್ವೀಡನ್ನಿನಲ್ಲೇ ಹೋಗಿ ತಿಂದರೆ ಅದೇ ಮೀಟ್‌ಬಾಲ್‌ನಲ್ಲಿ ಹಂದಿ ಇರುತ್ತದೆ. ಪ್ರಾಣಿಗೆ ಪ್ರಜ್ಞೆ ತಪ್ಪಿಸದೆ ಕೊಯ್ಯಬಾರದು ಅಂತ ಸ್ವೀಡನ್ 1937ರಲ್ಲೇ ಕಾನೂನು ಮಾಡಿದೆ, ಹಾಗಾಗಿ ಅಲ್ಲಿನ ಹಲಾಲ್ ಮಾಂಸದ ಬಗ್ಗೆ ಮುಸ್ಲಿಮರಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ. ಕೆಲಸಕ್ಕೆ ಅಂತ ಸ್ಟಾಕ್‌ಹೋಮಿಗೋ ಮಾಲ್ಮೋಗೋ ಹೋಗುವವರು ಇದನ್ನು ತಿಳಿದಿರಿ. ನಮ್ಮ ಬೆಂಗಳೂರಿನ ನಾಗಸಂದ್ರ ಐಕಿಯಾದಲ್ಲಿ, 2022ರಲ್ಲಿ ತೆರೆದದ್ದು, ಹಂದಿಯೂ ಇಲ್ಲ ಬೀಫೂ ಇಲ್ಲ. ಅಲ್ಲಿ ಕೋಳಿ ಮೀಟ್‌ಬಾಲ್, ಇಲ್ಲಾ ತರಕಾರಿಯದ್ದು. ಊರಿಗೆ ಬಂದಾಗ ಮೆಟ್ರೋ ಹತ್ತಿ ಹೋಗಿ ಒಂದು ಸಲ ರುಚಿ ನೋಡಿಕೊಂಡರೆ ಮುಂದಿನದಕ್ಕೆ ಧೈರ್ಯ ಬರುತ್ತದೆ.

ಯಾವ ಹೊತ್ತಿಗೆ?

ಶುಕ್ರವಾರ ಮಧ್ಯಾಹ್ನ ಬೇಡ. ಒಂದು ಗಂಟೆಯಿಂದ ಎರಡು ಗಂಟೆ ನಮಾಜಿನ ಹೊತ್ತು, ಕೆಲವು ಕೆಫೆಗಳು ಆಗ ಬಾಗಿಲು ಹಾಕಿರುತ್ತವೆ, ನಿಮ್ಮ ಗೆಳೆಯರೂ ಇರುವುದಿಲ್ಲ. ರಂಜಾನ್ ತಿಂಗಳಲ್ಲಿ ಹೋಗುವುದಾದರೆ ಉಪವಾಸ ಬಿಡುವ ಹೊತ್ತಿಗೆ ಟೇಬಲ್ ಮೊದಲೇ ಹೇಳಿಡಿ, ಆರ್ಡರನ್ನೂ ಮೊದಲೇ ಕೊಟ್ಟುಬಿಡಿ. ಸಿಂಗಪುರ ಭೂಮಧ್ಯರೇಖೆ ಪಕ್ಕದಲ್ಲೇ ಇರುವುದರಿಂದ ವರ್ಷ ಪೂರ್ತಿ ಸೂರ್ಯ ಮುಳುಗುವುದು ಏಳು ಗಂಟೆಯ ಆಸುಪಾಸಿನಲ್ಲೇ. (ಸ್ಟಾಕ್‌ಹೋಮಿನಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಹತ್ತು ಆದರೂ ಮುಳುಗುವುದಿಲ್ಲ. ಅಲ್ಲಿ ಉಪವಾಸ ಇರುವವರಿಗೆ ಕೈ ಮುಗಿಯಬೇಕು.) ಆ ಹೊತ್ತಿಗೆ ಎಲ್ಲಾ ಟೇಬಲ್‌ಗೂ ಒಟ್ಟಿಗೆ ಊಟ ಬರಬೇಕು, ಅಡುಗೆಮನೆಯವರ ಕಷ್ಟ ಅವರಿಗೇ ಗೊತ್ತು. ನೀವು ಉಪವಾಸ ಇಲ್ಲದಿದ್ದರೂ ಐದು ನಿಮಿಷ ಕಾಯಿರಿ, ಅವರು ಖರ್ಜೂರ ಬಾಯಿಗೆ ಹಾಕಿಕೊಂಡ ಮೇಲೆ ಚಮಚ ಹಿಡಿಯಿರಿ.

ಬೀಚ್ ರೋಡ್ ಪಕ್ಕದ ಹಳೆಯ ಮಲಯ್ ಬಡಾವಣೆ ಕಂಪೊಂಗ್ ಗ್ಲಾಮ್ ಕಡೆ ಹೋಗುವುದಾದರೆ ಬುಗಿಸ್ ಸ್ಟೇಷನ್‌ನಲ್ಲಿ ಇಳಿದು ನಡೆಯಬಹುದು. ಅರ್ಧ ಗಂಟೆ ಮುಂಚೆ ಹೋದರೆ ಸುಲ್ತಾನ್ ಮಸೀದಿಯ ಚಿನ್ನದ ಬಣ್ಣದ ಗುಮ್ಮಟದ ಕೆಳಗೆ ನೋಡಿ. ಕಪ್ಪಗೆ ಒಂದು ಪಟ್ಟಿ ಕಾಣುತ್ತದೆ, ಅದೆಲ್ಲ ಗಾಜಿನ ಬಾಟಲಿಗಳ ತಳ. 1932ರಲ್ಲಿ ಈಗಿನ ಕಟ್ಟಡ ಮುಗಿಯುವ ಮುಂಚೆ, ದೊಡ್ಡ ಮೊತ್ತ ಕೊಡಲಾಗದ ಬಡವರು ಬಾಟಲಿ ಕೊಟ್ಟು ತಮ್ಮ ಪಾಲು ಸೇರಿಸಿದ್ದು. ಕಾಕ್ ಪ್ರತಿ ಸಲವೂ ಇದನ್ನು ತೋರಿಸುತ್ತಾರೆ, ನಾವೂ ಪ್ರತಿ ಸಲವೂ ಮೊದಲ ಸಲ ನೋಡಿದ ಹಾಗೆ ನೋಡುತ್ತೇವೆ.

ಮನೆಯಿಂದ ಏನೂ ತರಬೇಡಿ

ಏನೂ ಅಂದರೆ ಏನೂ. ಶಿವಾಜಿನಗರದವಳ ಹುಟ್ಟುಹಬ್ಬಕ್ಕೆ ನಾನು ದಾರಿಯಲ್ಲಿ ಸಿಕ್ಕ ಬೇಕರಿಯಿಂದ ಒಂದು ಕೇಕ್ ತಂದಿದ್ದೆ. ಡಬ್ಬ ಟೇಬಲ್ ಮೇಲೆ ಇಟ್ಟ ಕೂಡಲೇ ಸರ್ವರ್ ಹುಡುಗಿ ಬಂದು, "ಸಾರಿ ಅಂಕಲ್, ಹೊರಗಿನ ತಿಂಡಿ ಒಳಗೆ ತೆರೆಯುವ ಹಾಗಿಲ್ಲ" ಅಂದಳು. (ಅಂಕಲ್ ಅಂದದ್ದು ಜಾಸ್ತಿ ನೋವಾಯಿತು.) ಅವಳದು ತಪ್ಪಿಲ್ಲ. ಸರ್ಟಿಫಿಕೇಟ್ ಇರುವ ಜಾಗದಲ್ಲಿ ಎಲ್ಲಿಂದ ಬಂತೋ ಗೊತ್ತಿಲ್ಲದ ಕೇಕ್ ಕತ್ತರಿಸಿ ಅವರ ಚಾಕು, ಅವರ ತಟ್ಟೆ ಬಳಸಿದರೆ ಅವರ ಸರ್ಟಿಫಿಕೇಟಿಗೇ ತೊಂದರೆ. ಆ ಕೇಕಿನಲ್ಲಿ ರಮ್ ಇತ್ತೋ ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಅಂಟು) ಇತ್ತೋ ನಾನೂ ನೋಡಿರಲಿಲ್ಲ. ಹುಟ್ಟುಹಬ್ಬದ ಹುಡುಗಿಗೇ ತಿನ್ನಲು ಆಗದ ಕೇಕ್! ಕೊನೆಗೆ ಅದನ್ನು ನಮ್ಮ ಪಕ್ಕದ ಮನೆಯ ಮಕ್ಕಳು ತಿಂದರು.

ಶಿರಸಿಯವನ ಬ್ಯಾಗಿನಲ್ಲಿ ಯಾವಾಗಲೂ ಒಂದು ಸಣ್ಣ ಅಪ್ಪೆಮಿಡಿ ಬಾಟಲಿ ಇರುತ್ತದೆ. ಅದಕ್ಕೂ ಇದೇ ನಿಯಮ. ಶುದ್ಧ ಸಸ್ಯಾಹಾರಿ ಉಪ್ಪಿನಕಾಯಿ ಅಂತ ನಿಮಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಖಾರ ಬೇಕಾದರೆ ಚಿಲ್ಲಿ ಸಾಸ್ ಕೇಳಿ. ಸಿಂಗಪುರದಲ್ಲಿ ಸ್ವೀಡಿಷ್ ಕೆಫೆಯಾದರೂ ಚಿಲ್ಲಿ ಸಾಸ್ ಸಿಗದೆ ಇರುವುದಿಲ್ಲ.

ಈಗ ಆರ್ಡರ್

ಒಬ್ಬರೇ ಮಾತಾಡಿ. ಐದೂ ಜನ ಒಟ್ಟಿಗೆ ಹೇಳಿದರೆ ಸರ್ವರ್ ತಲೆ ಕೆಡುತ್ತದೆ, ಯಾರಿಗೆ ಏನು ಬೇಡ ಅನ್ನುವುದು ಕಳೆದುಹೋಗುತ್ತದೆ.

ಮೀಟ್‌ಬಾಲ್ ಪ್ಲೇಟ್‌ನಲ್ಲಿ ಏನೇನು ಬರುತ್ತದೆ ಅಂದರೆ: ಉಂಡೆಗಳು, ಕಿವುಚಿದ ಆಲೂಗಡ್ಡೆ, ಕೆನೆ ಹಾಕಿದ ಕಂದು ಗ್ರೇವಿ, ಲಿಂಗನ್‌ಬೆರಿ ಜಾಮ್, ಪಕ್ಕದಲ್ಲಿ ಸೌತೆಕಾಯಿ. ಕೈಮಾ ಉಂಡೆಗೆ ಜಾಮ್ ಏನು ಅಂತ ಮುಖ ಕಿವುಚಬೇಡಿ. ಅದು ಬ್ರೆಡ್ಡಿಗೆ ಹಚ್ಚುವ ಜಾಮ್ ಥರ ಬರೀ ಸಿಹಿ ಅಲ್ಲ, ಕವಳಿ ಹಣ್ಣಿನ ಗೊಜ್ಜಿಗೆ ಸಕ್ಕರೆ ಸ್ವಲ್ಪ ಜಾಸ್ತಿ ಬಿದ್ದ ಹಾಗೆ ಹುಳಿ, ಒಗರು, ಸಿಹಿ. ಒಂದು ಉಂಡೆ ಮುರಿದು, ಗ್ರೇವಿಯಲ್ಲಿ ಅದ್ದಿ, ಮೇಲೆ ಕಡಲೆಕಾಳಿನಷ್ಟು ಜಾಮ್ ಇಟ್ಟು ತಿನ್ನಿ. ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ ಹಿಂಡಿ, ವಿನಿಗರ್, ಸಕ್ಕರೆಯಲ್ಲಿ ನೆನೆಸಿರುತ್ತಾರೆ. ನನಗೆ ಇಡೀ ತಟ್ಟೆಯಲ್ಲಿ ಅದೇ ಹೆಚ್ಚು ಇಷ್ಟ. ಆರ್ಡರ್ ಮಾಡುವಾಗ ಕೇಳಬೇಕಾದ್ದು ಒಂದೇ: ಉಂಡೆ ಬೀಫಾ, ಕೋಳಿಯಾ? ಕೋಳಿ ಇದ್ದರೆ ನನಗೆ ಅದು. ಇಲ್ಲದಿದ್ದರೆ ನಾನು ಮೀನಿಗೆ ಹೋಗುತ್ತೇನೆ.

ಗ್ರೇವಿ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲೇ ನಾವು ಕೆಟ್ಟದ್ದು. ಮೊದಲ ಸಲ ಶಿರಸಿಯವನಿಗೆ ತರಕಾರಿ ಉಂಡೆ ಹೇಳಿದೆವು. ಕಡಲೆ, ಬಟಾಣಿ, ಕ್ಯಾರೆಟ್, ಮೆಕ್ಕೆಜೋಳ ಹಾಕಿ ಮಾಡಿದ್ದು, ಚೆನ್ನಾಗಿಯೇ ಇತ್ತು. ತಟ್ಟೆಯಲ್ಲಿ ಎಲ್ಲರಿಗೂ ಬಂದ ಹಾಗೆ ಕಂದು ಗ್ರೇವಿಯೂ ಇತ್ತು. ಅವನು ಆಲೂಗಡ್ಡೆಗೆ ಕಲಸಿ ಒಂದು ಚಮಚ ಬಾಯಿಗೆ ಇಟ್ಟುಕೊಂಡ ಮೇಲೆ ನನಗೆ ಸಂಶಯ ಬಂತು. ಸರ್ವರ್‌ನನ್ನು ಕರೆದು ಕೇಳಿದೆ. ಅವನು ಒಳಗೆ ಹೋಗಿ ವಾಪಸ್ ಬಂದು, ಇದು ಬೀಫ್ ಸ್ಟಾಕಿನಲ್ಲಿ ಮಾಡಿದ್ದು ಅಂದ. ಟೇಬಲ್ ಪೂರ್ತಿ ಮೌನ. ಶಿರಸಿಯವನು ಚಮಚ ಕೆಳಗಿಟ್ಟು, ಬಾಯಿ ತೊಳೆದುಕೊಂಡು ಬಂದು, "ಹೋಗ್ಲಿ ಬಿಡೋ ಮಾರಾಯ, ಬ್ರೆಡ್ ಇದೆಯಲ್ಲ" ಅಂದ. ಅವನು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಡುಗೆಯವರು ಸುಳ್ಳು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ ಅಷ್ಟೇ. ಉಂಡೆ ಮಾತ್ರ ಕೇಳಿದೆವು, ಗ್ರೇವಿ ಕೇಳಲಿಲ್ಲ.

ಹಾಗಾಗಿ ಸಸ್ಯಾಹಾರಿಗಳಿಗೆ ಆರ್ಡರ್ ಮಾಡುವಾಗ "ವೆಜಿಟೇರಿಯನ್" ಅಂತ ಒಂದು ಪದ ಹೇಳಿ ನಿಲ್ಲಿಸಬೇಡಿ. ಬಿಡಿಸಿ ಹೇಳಿ: ಮಾಂಸದ ಸ್ಟಾಕ್ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಗ್ರೇವಿ ಬದಲು ಬೆಣ್ಣೆಯೋ ಜಾಮೋ ಕೊಡಿ. ಬೀಟ್‌ರೂಟ್ ಸಲಾಡ್ ನೋಡಲು ಮೊಸರು ಬಜ್ಜಿ ಥರ ಗುಲಾಬಿ ಬಣ್ಣದಲ್ಲಿ ಚೆಂದ ಕಾಣುತ್ತದೆ, ಆದರೆ ಅದು ಮಯೋನೀಸ್ ಆಗಿದ್ದರೆ ಮೊಟ್ಟೆ. ಪ್ಯಾನ್‌ಕೇಕ್‌ಗೂ ಮೊಟ್ಟೆ. ಯಾನ್ಸನ್ ಹೆಸರಿನ ಆಲೂಗಡ್ಡೆ, ಕೆನೆ ಹಾಕಿ ಬೇಯಿಸಿದ ಒಂದು ತಿಂಡಿ ಇದೆ, ಬರೀ ಆಲೂಗಡ್ಡೆ ಅಂದುಕೊಂಡರೆ ಒಳಗೆ ಸಣ್ಣ ಮೀನು. ಚೀಸ್ ಹೆಪ್ಪು ಹಾಕಲು ಕೆಲವು ಕಡೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರಿಗೆ ಅದೂ ಆಗುವುದಿಲ್ಲ. ಧೈರ್ಯವಾಗಿ ಹೇಳಬಹುದಾದದ್ದು ಸಬ್ಬಸಿಗೆ ಸೊಪ್ಪು, ಬೆಣ್ಣೆ ಹಾಕಿದ ಬೇಯಿಸಿದ ಆಲೂಗಡ್ಡೆ, ರೈ ಅನ್ನುವ ಧಾನ್ಯದ ಗರಿಗರಿ ರೊಟ್ಟಿ, ಸೌತೆಕಾಯಿ, ಮತ್ತೆ ಆ ತರಕಾರಿ ಉಂಡೆ. ಸ್ವೀಡನ್ನಿನ ಗರಿಗರಿ ವಾಫೆಲ್‌ಗಳನ್ನು ಮೊಟ್ಟೆ ಇಲ್ಲದೆಯೂ ಮಾಡುವ ರೂಢಿ ಇದೆ. ನೀವು ಹೋದ ಕೆಫೆಯಲ್ಲಿ ಹಾಗೆ ಮಾಡುತ್ತಾರಾ ಕೇಳಿ, ಅದೃಷ್ಟ ಇದ್ದರೆ ಸಿಗುತ್ತದೆ.

ರೈ ರೊಟ್ಟಿಯನ್ನು ನೋಡಿ ಭಟ್ಕಳದವನು ರಟ್ಟು ಅಂದ. ಉತ್ತರ ಕರ್ನಾಟಕದ ಕಟಕ್ ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಅದು ರಟ್ಟು ಅನ್ನಿಸುವುದಿಲ್ಲ.

ಮೀನು ತಿನ್ನುವವರಿಗೆ ಸಾಲ್ಮನ್. ಮೀನಿಗೆ ಕೊಯ್ಯುವ ನಿಯಮ ಇಲ್ಲದಿರುವುದರಿಂದ ಎಲ್ಲ ಮುಸ್ಲಿಮರಿಗೂ ನಡೆಯುತ್ತದೆ. ನನ್ನಂಥ ಬೀಫ್ ತಿನ್ನದವರಿಗೂ ನಡೆಯುತ್ತದೆ. ಹಂಚಿಕೊಂಡು ತಿನ್ನಲು ಒಂದೇ ಒಂದು ಪ್ಲೇಟ್ ಹೇಳುವುದಾದರೆ ಇದನ್ನೇ ಹೇಳಿ. ಆದರೆ ಗ್ರಾವದ್ ಲಾಕ್ಸ್ ಅಂತ ಇದ್ದರೆ ಅದು ಬೇಯಿಸಿದ ಮೀನಲ್ಲ, ಉಪ್ಪು, ಸಕ್ಕರೆ, ಸಬ್ಬಸಿಗೆಯಲ್ಲಿ ಒಂದೆರಡು ದಿನ ಇಟ್ಟು ತೆಳ್ಳಗೆ ಕತ್ತರಿಸಿದ್ದು. ಸಾಸಿವೆ ಸಾಸ್ ಜೊತೆ ಕೊಡುತ್ತಾರೆ. ಬೇರೆ ಕಡೆ ಅದಕ್ಕೆ ಸ್ವಲ್ಪ ಮದ್ಯವನ್ನೂ ಚಿಮುಕಿಸುವುದುಂಟು, ಹಲಾಲ್ ಜಾಗದಲ್ಲಿ ಆ ಚಿಂತೆ ಇಲ್ಲ. ಗರ್ಭಿಣಿಯರು ಗುಂಪಿನಲ್ಲಿದ್ದರೆ ಬೇಯಿಸಿದ್ದನ್ನೇ ಹೇಳಿ.

ಬೀಫ್ ತಿನ್ನುವವರ ತಟ್ಟೆ ಮತ್ತು ತಿನ್ನದವರ ತಟ್ಟೆ ಪಕ್ಕಪಕ್ಕ ಇದ್ದರೆ ನಿಮಗೆ ತೊಂದರೆಯಾ ಅಂತಲೂ ಮೊದಲೇ ಕೇಳಿಕೊಳ್ಳಿ. ನಮ್ಮಲ್ಲಿ ಶಿರಸಿಯವನು ಟೇಬಲ್‌ನ ತುದಿಯಲ್ಲಿ ಕೂರುತ್ತಾನೆ, ಅವನ ಪಕ್ಕ ನಾನು, ನಂತರ ಉಳಿದವರು. ಅಷ್ಟು ಸಾಕು. ಬಡಿಸುವ ಚಮಚ ಮಾತ್ರ ಒಂದೊಂದು ತಟ್ಟೆಗೂ ಬೇರೆ ಇಟ್ಟುಕೊಳ್ಳುತ್ತೇವೆ.

ಕುಡಿಯಲು ಲಿಂಗನ್‌ಬೆರಿ ಪಾನಕ ಅಥವಾ ಎಲ್ಡರ್ ಹೂವಿನ ಪಾನಕ ಹೇಳಿ. ಎರಡನೆಯದಕ್ಕೆ ಹೂವಿನ ಘಮ, ಮೊದಲ ಗುಟುಕಿಗೆ ಸೋಪಿನ ನೀರು ಅನ್ನಿಸುತ್ತದೆ, ಮೂರನೆಯದಕ್ಕೆ ಇನ್ನೊಂದು ಗ್ಲಾಸ್ ಬೇಕು ಅನ್ನಿಸುತ್ತದೆ.

ಕಾಫಿ, ಏಲಕ್ಕಿ, ಇನ್ನು ಫೀಕಾ

ಊಟ ಮುಗಿದ ಮೇಲೆ ಎದ್ದು ಹೋಗಬೇಡಿ, ಸ್ವೀಡಿಷ್ ಕೆಫೆಯ ಅಸಲಿ ಭಾಗ ಶುರುವಾಗುವುದೇ ಈಗ. ಹೊಟ್ಟೆಯಲ್ಲಿ ಜಾಗ ಇಲ್ಲದಿದ್ದರೆ ಊಟ ಬಿಟ್ಟು ಸಂಜೆ ಬರೀ ಇದಕ್ಕೆ ಬಂದರೂ ಆಯಿತು.

ಸ್ವೀಡನ್ನಿನವರ ಬನ್ನಿನಲ್ಲಿ ಏಲಕ್ಕಿ ಇರುತ್ತದೆ. ಚಕ್ಕೆ ಬನ್ ಅಂತ ಹೆಸರಾದ ಕನೇಲ್‌ಬುಲ್ಲೆಯ ಹಿಟ್ಟಿಗೂ ಏಲಕ್ಕಿ, ಏಲಕ್ಕಿಯದ್ದೇ ಬೇರೆ ಬನ್ನೂ ಇದೆ. ಏಲಕ್ಕಿಯನ್ನು ನಯವಾಗಿ ಪುಡಿ ಮಾಡುವುದಿಲ್ಲ, ಕುಟ್ಟಿ ತರಿತರಿಯಾಗಿ ಬಿಡುತ್ತಾರೆ. ಬನ್ ಮುರಿದರೆ ಒಳಗೆ ಕಪ್ಪು ಚುಕ್ಕಿಗಳು ಕಾಣುತ್ತವೆ, ಹಲ್ಲಿಗೆ ಸಿಕ್ಕಾಗ ಘಮ್ ಅನ್ನುತ್ತದೆ. ನನಗೆ ಅದರಲ್ಲಿ ಸಕಲೇಶಪುರದ ನೆನಪು, ಕಾಕ್ ಅವರಿಗೆ ಅಜ್ಜಿ ಮಾಡುತ್ತಿದ್ದ ಚಹಾದ ನೆನಪು. ಅಕ್ಟೋಬರ್ 4 ಸ್ವೀಡನ್ನಿನಲ್ಲಿ ಚಕ್ಕೆ ಬನ್ ದಿನ, 1999ರಿಂದ ನಡೆದು ಬಂದಿದೆ. ಆ ದಿನದ ಆಸುಪಾಸಿನಲ್ಲಿ ಹೋದರೆ ಬಿಸಿಬಿಸಿ ಸಿಗಬಹುದು.

ಮೊಟ್ಟೆ ತಿನ್ನದವರಿಗೆ ಎಚ್ಚರಿಕೆ: ಈ ಬನ್ನಿನ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ, ಆದರೆ ಹೊಳಪಿಗೆ ಮೇಲೆ ಸವರುತ್ತಾರೆ. ಶಿರಸಿಯವನು ಇದನ್ನು ಕೇಳಿ ಬನ್ ವಾಪಸ್ ಇಟ್ಟ. ಅವನಿಗೆ ನಾವು ಕಂಡುಹಿಡಿದದ್ದು ಶೋಕ್ಲಾದ್‌ಬೋಲ್. ಓಟ್ಸ್, ಕೋಕೋ, ಬೆಣ್ಣೆ, ಸಕ್ಕರೆ, ಸ್ವಲ್ಪ ಕಾಫಿ ಸೇರಿಸಿ ಕಲಸಿ ಉಂಡೆ ಕಟ್ಟಿ ಕೊಬ್ಬರಿ ತುರಿಯಲ್ಲಿ ಹೊರಳಿಸಿದ್ದು. ಒಲೆ ಇಲ್ಲ, ಮೊಟ್ಟೆ ಇಲ್ಲ. ಒಂದು ಕಚ್ಚಿ, "ಇದು ತಂಬಿಟ್ಟಲ್ವಾ?" ಅಂದ. ಹೌದು, ಚಾಕೊಲೇಟ್ ತಂಬಿಟ್ಟು.

ಇನ್ನೊಂದು ಸಿಹಿ ಇದೆ, ಬೆರಳುದ್ದ, ಹಸಿರು ಮಾರ್ಜಿಪಾನ್ (ಬಾದಾಮಿ, ಸಕ್ಕರೆ ಅರೆದ ಹಿಟ್ಟು) ಸುತ್ತಿ ಎರಡೂ ತುದಿ ಚಾಕೊಲೇಟಿನಲ್ಲಿ ಅದ್ದಿದ್ದು. ಸ್ವೀಡನ್ನಿನಲ್ಲಿ ಅದಕ್ಕೆ ದಮ್‌ಸೂಗರೆ ಅನ್ನುತ್ತಾರೆ, ಅಂದರೆ ವ್ಯಾಕ್ಯೂಮ್ ಕ್ಲೀನರ್, ಆಕಾರ ಹಾಗಿದೆ ಅಂತ. ಅದರ ಮಾಮೂಲಿ ರುಚಿ ಬರುವುದು ಪುನ್ಶ್ ಅನ್ನುವ ಮದ್ಯದಿಂದ. ಸರ್ಟಿಫಿಕೇಟ್ ಇರುವ ಕೆಫೆಯಲ್ಲಿ ಅದು ಮದ್ಯ ಇಲ್ಲದೆ ಬರಬಹುದು ಅಥವಾ ಇಲ್ಲವೇ ಇರಬಹುದು. ಆದರೆ ಅಂಗಡಿಯಲ್ಲಿ ಪ್ಯಾಕೆಟ್ ಕೊಳ್ಳುವಾಗ ಹಿಂದೆ ಬರೆದಿರುವುದನ್ನು ಓದಿ. ರೆಸ್ಟೋರೆಂಟಿನ ಸರ್ಟಿಫಿಕೇಟ್ ಪಕ್ಕದ ಕಪಾಟಿನಲ್ಲಿ ಮಾರುವ ಪ್ಯಾಕೆಟ್‌ಗಳಿಗೂ ಸೇರಿದ್ದಲ್ಲ. ಕೆಲವು ಸ್ವೀಡಿಷ್ ಜೆಲ್ಲಿ ಮಿಠಾಯಿಗಳಲ್ಲಿ ಜೆಲಾಟಿನ್ ಇರುತ್ತದೆ.

ಕಪ್ಪಗಿನ ಉಪ್ಪುಪ್ಪು ಲಿಕರಿಸ್ (ಜ್ಯೇಷ್ಠಮಧುವಿನ ಮಿಠಾಯಿ) ಕೊಟ್ಟರೆ ಸಣ್ಣ ಚೂರು ತೆಗೆದುಕೊಳ್ಳಿ. ಅದಕ್ಕೆ ಹಾಕುವುದು ನಮ್ಮ ಕಡೆ ಕಲಾಯಿಯವರು ಪಾತ್ರೆಗೆ ಬಳಿಯುತ್ತಿದ್ದ ನವಸಾಗರ. ಹಲಾಲೋ ಅಲ್ಲವೋ ಅನ್ನುವ ಪ್ರಶ್ನೆ ಬರುವ ಮುಂಚೆಯೇ ನಾವೆಲ್ಲ ಟಿಶ್ಯೂ ಹುಡುಕಿದೆವು.

ಕಾಫಿ ಫಿಲ್ಟರ್ ಕಾಫಿಯೇ, ಆದರೆ ನಮ್ಮ ಡಿಕಾಕ್ಷನ್ ಅಲ್ಲ. ತೆಳ್ಳಗೆ, ದೊಡ್ಡ ಕಪ್ಪಿನಲ್ಲಿ, ಹಾಲು ಕೇಳಿದರೆ ತಣ್ಣಗಿನದ್ದು. ಎರಡನೇ ಕಪ್ ಪುಕ್ಕಟೆ ಕೊಡುವ ಪದ್ಧತಿ ಸ್ವೀಡನ್ನಿನಲ್ಲಿ ಇದೆ, ನಿಮ್ಮ ಕೆಫೆಯಲ್ಲೂ ಇದೆಯಾ ಕೇಳಿ ನೋಡಿ.

ಕೊನೆಯ ತುಂಡು, ಬಿಲ್

ತಟ್ಟೆಯಲ್ಲಿ ಉಳಿದ ಕೊನೆಯ ತುಂಡನ್ನು ಸ್ವೀಡನ್ನಿನವರು ತೆಗೆದುಕೊಳ್ಳುವುದಿಲ್ಲ, ಅರ್ಧ ಮಾಡಿ ಅರ್ಧ ಬಿಡುತ್ತಾರಂತೆ. ಮುಂದಿನವರು ಅದರಲ್ಲೂ ಅರ್ಧ. ನಮ್ಮ ಟೇಬಲ್‌ನಲ್ಲೂ ಹಾಗೇ ಆಯಿತು, ಏಲಕ್ಕಿ ಬನ್ ಉಗುರಿನಷ್ಟು ಆಗುವವರೆಗೆ. ಕಾಕ್ ಅದನ್ನು ಬಾಯಿಗೆ ಹಾಕಿಕೊಂಡು ಬಿಲ್ ತರಿಸಿದರು.

ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ 10% ಸರ್ವಿಸ್ ಚಾರ್ಜ್, ಅದರ ಮೇಲೆ 9% ಜಿಎಸ್‌ಟಿ ಸೇರುತ್ತದೆ. 20 ಡಾಲರ್ ಪ್ಲೇಟ್ ಅಂದರೆ ಕೈಯಿಂದ ಹೋಗುವುದು 23 ಡಾಲರ್ 98 ಸೆಂಟ್. ಬೇರೆ ಟಿಪ್ಸ್ ಕೊಡುವ ರೂಢಿ ಇಲ್ಲಿಲ್ಲ. "ನಾನು ಕೊಡ್ತೀನಿ, ನಾನು ಕೊಡ್ತೀನಿ" ಅಂತ ಕೌಂಟರ್ ಮುಂದೆ ಕೈ ಹಿಡಿದು ಎಳೆದಾಡುವ ನಮ್ಮ ಪದ್ಧತಿಯನ್ನು ಬಿಟ್ಟು, ಒಬ್ಬರು ಕಾರ್ಡ್ ಕೊಟ್ಟು ಉಳಿದವರು ಪೇನೌ (ನಮ್ಮ ಯುಪಿಐ ಥರ ಮೊಬೈಲಿನಲ್ಲಿ ಹಣ ಕಳಿಸುವುದು) ಮಾಡುವುದು ಒಳ್ಳೆಯದು. ಸಮನಾಗಿ ಐದು ಭಾಗ ಮಾತ್ರ ಮಾಡಬೇಡಿ. ನಾನು ಹಾಗೆ ಮಾಡಿ ಗುಂಪಿಗೆ ಲೆಕ್ಕ ಕಳಿಸಿದ ಎರಡನೇ ನಿಮಿಷಕ್ಕೆ ಶಿರಸಿಯವನ ಮೆಸೇಜ್ ಬಂತು: "ಸಾಲ್ಮನ್ ನೀವು ತಿಂದಿದ್ದು, ನಾನು ತಿಂದಿದ್ದು ಆಲೂಗಡ್ಡೆ ಮತ್ತು ಎರಡು ತಂಬಿಟ್ಟು. ಲೆಕ್ಕ ಸರಿ ಮಾಡಿ ಕಳಿಸು ಮಾರಾಯ."